ಸೊಂಟದ ಮೇಲೆ ಓಡಿದ ಗೆರೆ

ಮೊನ್ನೆ ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ. ಸರಸಂಬಾ ಊರಿನ ಒಬ್ಬ ಯಜಮಾನರು ಒಳಗೆ ಬಂದು, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಅಂಗಿಯ ಒಳಜೇಬಿನಿಂದ ಕೆಂಪು ಮಖಮಲ್ಲಿನ ಸಣ್ಣ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಸರಾಫ ಅಂಗಡಿಯವರು ಕಿವಿಯೋಲೆ ಹಾಕಿಕೊಡುವ ಡಬ್ಬಿ ಅದು. ಈ ಮನುಷ್ಯ ಅಂಗಡಿ ತಪ್ಪಿ ಬಂದಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿತು. ಮುಚ್ಚಳ ತೆಗೆದರೆ ಒಳಗೆ, ಪ್ಲಾಸ್ಟಿಕ್ ಹಾಳೆಯಲ್ಲಿ ಮೂರು ಸುತ್ತು ಸುತ್ತಿದ, ಅವರು ಪರೀಕ್ಷೆಗೆಂದು ತಂದ ಮಲ.

“ಬ್ಯಾರೆ ಡಬ್ಬಿ ಇದ್ದಿಲ್ಲೇನ್ರಿ?” ಎಂದೆ.

“ಇದ್ವು. ಹೆಂಗಸ್ರು ಕೊಡಲಿಲ್ರಿ. ಇದೊಂದು ಖಾಲಿ ಬಿದ್ದಿತ್ತು,” ಎಂದು ತಲೆ ತಗ್ಗಿಸಿದರು.

ನಿಮಗೆ ನಗು ಬಂದಿದ್ದರೆ ನಕ್ಕುಬಿಡಿ, ನಾನು ಬೇಡ ಅನ್ನುವುದಿಲ್ಲ. ನನಗೂ ಗಂಟಲಿನ ತನಕ ಬಂದಿತ್ತು. ಆದರೆ ಅಲ್ಲಿಂದ ಮುಂದಕ್ಕೆ ಬಿಡಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಇದೇ ಮೇಜಿನ ಹಿಂದೆ ನಿಂತು ನಾನು ನಕ್ಕ ಒಂದು ನಗು ಒಬ್ಬ ಹೆಂಗಸಿನ ಪ್ರಾಣದ ಹತ್ತಿರಕ್ಕೆ ಹೋಗಿ ಬಂದಿದೆ. ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೆಂಡತಿಗೆ ಅರ್ಧ ಹೇಳಿದ್ದೇನೆ. ಉಳಿದರ್ಧವನ್ನು ಸೇರಿಸಿ ಇಂದು ನಿಮಗೆ ಹೇಳಬೇಕು ಅನ್ನಿಸಿದೆ.

ಆಳಂದದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಲ್ಯಾಬು. ಊರಿನ ರಕ್ತ, ಮೂತ್ರ, ಕಫ, ಮಲ ಎಲ್ಲವೂ ನನ್ನ ಸೂಕ್ಷ್ಮದರ್ಶಕದ ಕೆಳಗೆ ಒಮ್ಮೆ ಹಾದು ಹೋಗಿವೆ. ರಕ್ತ ಕೊಡಲು ಯಾರೂ ನಾಚುವುದಿಲ್ಲ. ತೋಳು ಚಾಚಿ, “ತಗೋರಿ, ಎಷ್ಟ್ ಬೇಕು ತಗೋರಿ” ಎಂದು ದಾನಶೂರರಂತೆ ಕೂತುಬಿಡುತ್ತಾರೆ. ಅದೇ ಮಲ ತನ್ನಿ ಎಂದರೆ ಮಾತು ನಿಲ್ಲುತ್ತದೆ. ಎರಡು ದಿನ ಬರುವುದೇ ಇಲ್ಲ. ಬಂದರೂ ಅದನ್ನು ತರುವ ಪಾತ್ರೆಗಳಲ್ಲಿ ಎಷ್ಟೊಂದು ಬಗೆ! ಬೆಂಕಿಪೊಟ್ಟಣ, ತಂಬಾಕಿನ ಸುಣ್ಣದ ಡಬ್ಬಿ, ಮಕ್ಕಳ ಔಷಧಿಯ ಸೀಸೆ. ಒಮ್ಮೆ ಒಬ್ಬ ಮೇಸ್ತ್ರಿ ಎರಡು ಖಾನೆಯ ಊಟದ ಡಬ್ಬಿ ತಂದು, ಮೇಲಿನ ಖಾನೆಯನ್ನು ಬಿಚ್ಚಿ ನನಗೆ ಕೊಟ್ಟು, ಕೆಳಗಿನದನ್ನು ಬಗಲಲ್ಲಿ ಇಟ್ಟುಕೊಂಡು ಹೋದ. ಕೆಳಗಿನದರಲ್ಲಿ ಅವನ ಮಧ್ಯಾಹ್ನದ ರೊಟ್ಟಿ ಮತ್ತು ಪುಂಡಿಪಲ್ಯ ಇತ್ತು. ಅಳತೆಯ ವಿಷಯವನ್ನಂತೂ ಕೇಳಲೇಬೇಡಿ. ಸಾಸಿವೆಕಾಳಿನಷ್ಟು ತಂದು ಸಾಕೇ ಎಂದು ಕೇಳುವವರು ಒಂದು ಕಡೆ, ಒಂದು ವಾರಕ್ಕೆ ಆಗುವಷ್ಟು ತಂದು ಕಡಿಮೆಯಾಯಿತೇ ಎಂದು ಕೇಳುವವರು ಇನ್ನೊಂದು ಕಡೆ.

ಈ ಕೆಲಸದಿಂದ ನನ್ನ ಮದುವೆಗೂ ಒಂದು ಫಜೀತಿ ಆಗಿತ್ತು. ಹೆಂಡತಿಯ ಊರು ಅಫಜಲಪುರದ ಹತ್ತಿರ, ಭೀಮಾ ದಂಡೆ. ಹುಡುಗ ಏನು ಮಾಡುತ್ತಾನೆ ಎಂದು ಮಾವನವರು ಕೇಳಿದಾಗ, ನಮ್ಮ ದೊಡ್ಡಪ್ಪ ಮರ್ಯಾದೆಗೆ ಅಂಜಿ, “ದುರ್ಬೀನು ನೋಡ್ತಾನ್ರಿ” ಎಂದು ಹೇಳಿ ಕೈತೊಳೆದುಕೊಂಡರು. ಮಾವನವರು ಆಕಾಶ ನೋಡುವ ದುರ್ಬೀನು ಎಂದು ತಿಳಿದರು. ಮದುವೆಯಾಗಿ ಮೊದಲ ಸಲ ಅತ್ತೆಮನೆಗೆ ಹೋದಾಗ ಓಣಿಯ ಹಿರಿಯರೆಲ್ಲ ಬಂದು, ಈ ವರ್ಷ ಮಳೆ ಹೇಗೆ, ಯಾವ ಗ್ರಹ ಎಲ್ಲಿದೆ ಎಂದು ಕೇಳಿದ್ದೇ ಕೇಳಿದ್ದು. ನನಗೆ ಗೊತ್ತಿದ್ದದ್ದು ದುಂಡುಹುಳುವಿನ ಮೊಟ್ಟೆ, ಕೊಕ್ಕೆಹುಳುವಿನ ಮೊಟ್ಟೆ. ಹೌದು, ಇಲ್ಲ ಎಂದು ಹೇಗೋ ತಪ್ಪಿಸಿಕೊಂಡೆ. ಆ ಗೌರವವನ್ನು ಬಿಟ್ಟುಕೊಡಲು ಮನಸ್ಸಾಗದೆ ಮಾವನವರಿಗೆ ನಿಜವನ್ನು ಹೇಳಿದ್ದು ಎರಡು ವರ್ಷವಾದ ಮೇಲೆ.

ಅದು ಸಣ್ಣ ಸುಳ್ಳು, ಯಾರಿಗೂ ನೋವಾಗಲಿಲ್ಲ. ಚಾಂದಬಿಯ ವಿಷಯ ಹಾಗಲ್ಲ.

ಚಾಂದಬಿ ಹತ್ತಿರದ ಮಟಕಿ ಎಂಬ ಹಳ್ಳಿಯವಳು. ಊರ ಹೊರಗೆ ಹಳ್ಳದ ದಂಡೆಯಲ್ಲಿ ಆಕೆಯದೊಂದು ತುಂಡು ತೋಟ. ಮೆಂತ್ಯೆ, ಕೊತ್ತಂಬರಿ, ಸಬ್ಬಸಿಗೆ, ರಾಜಗಿರಿ ಬೆಳೆದು, ಕಟ್ಟು ಕಟ್ಟಿ, ಆಳಂದದ ಸಂತೆಗೆ ತರುತ್ತಿದ್ದಳು. ಗಂಡ ಮೌಲಾಸಾಬ ಅದೇ ಊರಲ್ಲಿ ದರ್ಜಿ. ಆತ ತೂಕದ ಮಾತಿನ ಮನುಷ್ಯ. ಈಕೆ ಹಾಗಲ್ಲ, ಸಂತೆಯಲ್ಲಿ ಆಕೆಯ ಬಾಯಿ ನಾಲ್ಕು ಅಂಗಡಿಗಳಾಚೆ ಕೇಳುತ್ತಿತ್ತು. ಸೊಪ್ಪನ್ನು ಮೂಸಿ ನೋಡಿ ಇಟ್ಟು ಹೋಗುವವರನ್ನು ಕರೆದು, “ಯಾಕ್ರಿ, ವಾಸನಿ ತಗೊಂಡ್ರಿ, ಸೊಪ್ಪು ಬಿಟ್ರಿ?” ಎಂದು ಕೇಳುವ ಜಾತಿಯವಳು.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ದಿನ ಆಕೆ ನನ್ನ ಲ್ಯಾಬಿಗೆ ಬಂದಳು. ಹೊಟ್ಟೆ ನೋವು, ಕೆಮ್ಮು, ಮೈ ತುರಿಕೆ. ಊರಲ್ಲಿ ಸೂಜಿ ಹಾಕುವ ಒಬ್ಬಾತ ರಕ್ತ ಮತ್ತು ಮಲ ತೋರಿಸಲು ಹೇಳಿದ್ದನಂತೆ. ಉಪ್ಪಿನಕಾಯಿಯ ಬಾಟಲಿಯಲ್ಲಿ ಹಿಂದಿನ ದಿನದ ಮಲ ತಂದಿದ್ದಳು. ಹಿಂದಿನ ದಿನದ್ದು ನಡೆಯುವುದಿಲ್ಲ, ಹೊಸದು ತನ್ನಿ ಎಂದು ಹೇಳುವುದು ನನ್ನ ಧರ್ಮ. ಆದರೆ ಅಂದು ನಾನು ಅವಸರದಲ್ಲಿದ್ದೆ. ಜೇವರ್ಗಿಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ. ಮಧ್ಯಾಹ್ನದೊಳಗೆ ಅಲ್ಲಿರಬೇಕು. ಇಸ್ತ್ರಿ ಮಾಡಿದ ಅಂಗಿಯನ್ನು ಮೊಳೆಗೆ ತೂಗುಹಾಕಿಕೊಂಡೇ ಕೆಲಸ ಮಾಡುತ್ತಿದ್ದೆ. ಬೆಂಚಿನ ಮೇಲೆ ಐದಾರು ಜನ ಕಾಯುತ್ತಿದ್ದರು.

ರಕ್ತ ತೆಗೆಯುವಾಗ ಚಾಂದಬಿ ಹೇಳಿದಳು: “ಇನ್ನೊಂದು ತಕಲೀಫ್ ಅದರಿ. ಸೊಂಟದ ಮ್ಯಾಲ ಒಂದು ಗೆರಿ ಏಳ್ತದ. ಕೆಂಪಗ, ದಾರ ಎಳದಂಗ. ಮುಂಜಾನಿ ಇಲ್ಲಿರ್ತದ, ಮಧ್ಯಾಹ್ನಕ್ಕ ನೋಡಿದ್ರ ಅಲ್ಲಿಗಿ ಓಡಿರ್ತದ. ಮರುದಿನ ಇರೂದೇ ಇಲ್ಲ.”

“ಓಡ್ತದಾ?” ಎಂದೆ.

“ಖರೇನ ಓಡ್ತದ್ರಿ. ಕಣ್ಣಿಲೆ ನೋಡೇನಿ.”

ಆಗ ನಾನು ನಕ್ಕೆ. ನಕ್ಕು, “ಅಲ್ಲ ಚಾಂದಬಿ, ನಿಮ್ಮ ಸೊಂಟದ ಮ್ಯಾಲ ರೇಲ್ ಓಡಾಕತ್ತದೇನು? ಟೇಷನ್ ಎಲ್ಲೆಲ್ಲಿ ಅದಾವ?” ಎಂದೆ.

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದರು. ಅವರಲ್ಲಿ ಮಟಕಿಯ ಜೋಳದ ವ್ಯಾಪಾರಿ ಶರಣಪ್ಪ ಎಂಬವರೂ ಇದ್ದರು. ಅವರಂತೂ ತೊಡೆ ತಟ್ಟಿಕೊಂಡು ನಕ್ಕರು. ಚಾಂದಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸುಮ್ಮನೆ ಕೂತಳು. ನಾಲ್ಕು ಅಂಗಡಿಗಳಾಚೆ ಕೇಳುವ ಬಾಯಿ ಯಾಕೆ ಸುಮ್ಮನಾಯಿತು ಎಂದು ನನಗೆ ಆಗ ಹೊಳೆಯಲಿಲ್ಲ. ಮಲವನ್ನು ಗಾಜಿನ ಮೇಲೆ ಸವರಿ, ಅರೆ ನಿಮಿಷ ಕಣ್ಣಿಟ್ಟು ನೋಡಿ, “ಜಂತುಹುಳು ಇಲ್ಲ” ಎಂದು ಬರೆದು ಸಹಿ ಮಾಡಿ ಕೊಟ್ಟೆ. ರಕ್ತದಲ್ಲಿ ಒಂದು ಬಗೆಯ ಬಿಳಿಕಣ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ಹುಳು ಇದ್ದಾಗ, ಮೈಗೆ ಏನಾದರೂ ಒಗ್ಗದಿದ್ದಾಗ ಅದು ಏರುತ್ತದೆ. ಒಗ್ಗದ್ದು ಏನೋ ಇರಬೇಕು ಎಂದುಕೊಂಡು ಸಂಖ್ಯೆಯನ್ನು ಬರೆದೆ. ಅದರ ಬಗ್ಗೆ ಏನೂ ಹೇಳಲಿಲ್ಲ. ಅಂಗಿ ಹಾಕಿಕೊಂಡು ಬಸ್ಸು ಹಿಡಿದೆ. ಜೇವರ್ಗಿಯಲ್ಲಿ ಊಟಕ್ಕೆ ಕೂತಾಗ ಸೊಂಟದ ರೇಲಿನ ಮಾತನ್ನು ನಾಲ್ಕು ಜನರಿಗೆ ಹೇಳಿದೆ. ಒಳ್ಳೆ ನಗೆ ಬಿತ್ತು. ಹೋಳಿಗೆ ಬಡಿಸುತ್ತಿದ್ದವರು ನಿಂತು ಕೇಳಿ, ನನಗೊಂದು ಹೆಚ್ಚಿಗೆ ಹಾಕಿ ಹೋದರು.

ಮುಂದೆ ಏಳೆಂಟು ತಿಂಗಳು ಚಾಂದಬಿ ನನ್ನ ನೆನಪಿನಲ್ಲೇ ಇರಲಿಲ್ಲ. ಸಂತೆಯಲ್ಲಿ ಆಕೆ ಕೂರುತ್ತಿದ್ದ ಜಾಗ ಖಾಲಿ ಇದ್ದದ್ದನ್ನು ನೋಡಿದ್ದೆನೇನೋ. ಯಾಕೆಂದು ಕೇಳಿರಲಿಲ್ಲ.

ಆ ಹೊತ್ತಿಗೆ ನಮ್ಮ ಓಣಿಯ ತುದಿಯಲ್ಲಿ ಹಾಸನದ ಕಡೆಯ ಡಾಕ್ಟರಮ್ಮ ಒಬ್ಬರು ಸಣ್ಣ ದವಾಖಾನೆ ತೆರೆದಿದ್ದರು. ವಯಸ್ಸು ಚಿಕ್ಕದು. ನಮ್ಮ ಮಾತು ಅವರಿಗೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. “ಮೈ ಕಡಿಯಾಕತ್ತದ್ರಿ” ಎಂದು ಯಾರೋ ಹೇಳಿದರೆ, “ಯಾವುದು ಕಡೀತು? ಯಾವಾಗ?” ಎಂದು ಗಾಬರಿಯಾಗಿ ಗಾಯ ಹುಡುಕಿದ್ದರಂತೆ. ನಮ್ಮಲ್ಲಿ ಕಡಿಯುವುದೆಂದರೆ ತುರಿಸುವುದು ಎಂದು ನಾನೇ ಹೇಳಿಕೊಟ್ಟಿದ್ದೆ. ಬಹುಶಃ ಮಾತು ಅರ್ಥವಾಗದಿದ್ದರಿಂದಲೇ ಅವರಿಗೆ ಒಂದು ಒಳ್ಳೆಯ ಅಭ್ಯಾಸ ಬಿದ್ದಿತ್ತು. ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತಿದ್ದರು, ಕೇಳಿ ಮುಗಿಯುವ ತನಕ ಪೆನ್ನು ಮುಟ್ಟುತ್ತಿರಲಿಲ್ಲ.

ಒಂದು ದಿನ ಹನ್ನೊಂದು ಗಂಟೆಗೆ, ರಕ್ತ ತೆಗೆಯಬೇಕು ಬನ್ನಿ ಎಂದು ಹೇಳಿ ಕಳಿಸಿದರು. ಹೋದೆ. ಮಂಚದ ಮೇಲೆ ಮಲಗಿದ್ದ ಹೆಂಗಸಿನ ಗುರುತು ಸಿಗಲಿಲ್ಲ. ಕೆನ್ನೆಯ ಎಲುಬು ಎದ್ದು ಬಂದಿತ್ತು, ಬಳೆ ಮೊಣಕೈ ತನಕ ಜಾರುತ್ತಿತ್ತು. ಪಕ್ಕದಲ್ಲಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದ ಮೌಲಾಸಾಬನನ್ನು ನೋಡಿದ ಮೇಲೆ ಇವಳು ಚಾಂದಬಿ ಎಂದು ತಿಳಿಯಿತು. ಮೌಲಾಸಾಬ ಡಾಕ್ಟರಮ್ಮನಿಗೆ ಕಥೆ ಹೇಳುತ್ತಿದ್ದ. ಕೆಮ್ಮು ಹೆಚ್ಚಾಗಿ ಉಸಿರು ಕಟ್ಟತೊಡಗಿದಾಗ ಯಾರೋ ಅದನ್ನು ಉಬ್ಬಸದ ದಮ್ಮು ಎಂದರು, ಸಣ್ಣ ಬಿಳಿ ಗುಳಿಗೆ ಕೊಟ್ಟರು. ನಾಲ್ಕು ದಿನ ಹೂವಿನಂತಾದಳು. ಆಮೇಲೆ ಮತ್ತೆ ಕೆಮ್ಮು. ಗುಳಿಗೆ ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ನಾಲ್ಕಾಯಿತು. ಈಗ ತಿಂದದ್ದು ನಿಲ್ಲುತ್ತಿಲ್ಲ, ವಾಂತಿ, ಹೊಟ್ಟೆಯಲ್ಲಿ ಬೆಂಕಿ.

“ಹುಳು ಇದೆಯಾ ಅಂತ ನೋಡಿಸಿದ್ರಾ?” ಎಂದರು ಡಾಕ್ಟರಮ್ಮ.

“ನೋಡಿಸೇವ್ರಿ. ಇಲ್ಲ ಅಂತ ಬರದುಕೊಟ್ಟಾರ.” ಮೌಲಾಸಾಬ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಒಳಗೆ ಮಡಿಕೆಯ ಗುರುತೂ ಇಲ್ಲದ ಒಂದು ಕಾಗದ. ಅದು ಸುಕ್ಕಾಗಬಾರದೆಂದು ಇಸ್ತ್ರಿಪೆಟ್ಟಿಗೆ ಆಡಿಸಿ ಇಟ್ಟಿದ್ದ. “ಎಲ್ಲಾ ಡಾಕ್ಟರಿಗೂ ಇದನ್ನ ತೋರಿಸೇನ್ರಿ. ನೋಡಿ, ಹುಳ ಅಲ್ಲ ಬಿಡು ಅಂತಾರ.”

ಕಾಗದದ ಕೆಳಗಿನ ಸಹಿ ನನ್ನದು. ನನ್ನ ಕೈಯಲ್ಲಿ ರಬ್ಬರ್ ಪಟ್ಟಿ ಇತ್ತು, ಅದನ್ನು ಎಲ್ಲಿ ಕಟ್ಟಬೇಕು ಎಂಬುದು ಮರೆತಂತಾಯಿತು. ನಾನು ಅರೆ ನಿಮಿಷ ನೋಡಿ ಬರೆದ ಎರಡು ಶಬ್ದವನ್ನು ಈ ಮನುಷ್ಯ ತಾಯಿತದ ಹಾಗೆ ಕಾಪಾಡಿಕೊಂಡು ಊರೂರು ತಿರುಗಿದ್ದ. ಓದಿದ ಪ್ರತಿಯೊಬ್ಬರೂ ಆ ಬಾಗಿಲನ್ನು ಮುಚ್ಚಿ ಬೇರೆ ಬಾಗಿಲು ಬಡಿದಿದ್ದರು.

ಡಾಕ್ಟರಮ್ಮ ಚಾಂದಬಿಯ ಕಡೆ ತಿರುಗಿ, “ಬೇರೆ ಏನಾದ್ರೂ ಇದೆಯಾ ಅಮ್ಮ? ಚಿಕ್ಕದಾದ್ರೂ ಪರವಾಗಿಲ್ಲ,” ಎಂದರು.

“ಏನಿಲ್ರಿ.”

“ಮದಲ ಏನೋ ಗೆರಿ ಏಳ್ತದ ಅಂತಿದ್ದೆಲ್ಲ,” ಎಂದ ಮೌಲಾಸಾಬ.

“ಏನಿಲ್ಲ ಅಂದ್ನೆಲ್ಲ! ಸುಮ್ನಿರ್ರಿ.”

“ಏನು ಗೆರೆ? ಹೇಳಿ. ನಾನು ಕೇಳ್ತೀನಿ,” ಎಂದರು ಡಾಕ್ಟರಮ್ಮ.

ಚಾಂದಬಿ ಕಣ್ಣು ತೆರೆದು ನನ್ನನ್ನು ನೋಡಿದಳು. ಆ ನೋಟವನ್ನು ನಾನು ಬಣ್ಣಿಸಲಾರೆ. ಸಿಟ್ಟಿರಲಿಲ್ಲ ಅದರಲ್ಲಿ. “ಮದಲ ಇವರನ್ನ ಹೊರಗ ಕಳಸ್ರಿ. ಆಮ್ಯಾಲ ಹೇಳ್ತೇನಿ,” ಎಂದಳು.

ಹೊರಗೆ ಹೋದೆ. ಬೇವಿನ ಮರದ ಕೆಳಗೆ ನಿಂತು, ಬಂದು ಹೋಗುವವರಿಗೆ ಕಾರಣವಿಲ್ಲದೆ ನಮಸ್ಕಾರ ಮಾಡುತ್ತ ಎಷ್ಟು ಹೊತ್ತು ಕಳೆದೆನೋ. ಡಾಕ್ಟರಮ್ಮ ಬಂದರು. ಕೈಯಲ್ಲಿ ಇಸ್ತ್ರಿ ಮಾಡಿದ ಆ ಕಾಗದ.

“ಇದು ನೀವು ಮಾಡಿದ್ದು ಅಲ್ವಾ? ಹೊಸ ಮಲ ಇತ್ತಾ, ಹಳೇದಾ?”

“ಹಿಂದಿನ ದಿನದ್ದು. ಸರಿಯಾಗಿ ನೋಡಲಿಲ್ಲ ನಾನು,” ಎಂದೆ. ಅಷ್ಟಾದರೂ ಹೇಳುವ ಬುದ್ಧಿ ಬಂತು.

ಅವರು ಬೈಯಲಿಲ್ಲ. “ಚರ್ಮದ ಒಳಗೆ ಗಂಟೆಗಂಟೆಗೆ ಮುಂದೆ ಹೋಗೋ ಗೆರೆ. ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಅದು ನೂಲಿನಂಥ ಒಂದು ಹುಳುವಿನ ಮರಿ ಓಡೋ ದಾರಿ. ಆ ಬಿಳಿ ಗುಳಿಗೆ ಇದೆಯಲ್ಲ, ಅದು ಮೈಯ ಕಾವಲನ್ನೇ ಮಲಗಿಸಿಬಿಡುತ್ತೆ. ಕಾವಲು ಮಲಗಿದರೆ ಈ ಹುಳು ಸಾವಿರಗಟ್ಟಲೆ ಆಗುತ್ತೆ. ಇನ್ನೊಂದು ತಿಂಗಳು ಆ ಗುಳಿಗೆ ನುಂಗಿದ್ರೆ ಈಕೆ ಉಳೀತಿರಲಿಲ್ಲ. ನನಗೆ ಇವತ್ತೇ ಗೊತ್ತಾಗಬೇಕು, ಇದೆಯೋ ಇಲ್ವೋ.”

ಈ ಹುಳುವಿನ ಬಗ್ಗೆ ನಾನೂ ಓದಿದ್ದೆ. ಪರೀಕ್ಷೆಗೆ ಓದಿ, ಪರೀಕ್ಷೆ ಮುಗಿದ ಕೂಡಲೇ ಮರೆತಿದ್ದೆ. ಮಿಕ್ಕ ಹುಳುಗಳೆಲ್ಲ ಹೊಟ್ಟೆಯಲ್ಲಿ ಮೊಟ್ಟೆ ಇಟ್ಟು, ಅದನ್ನು ಹೊರಗೆ ಕಳಿಸಿ, ತಮ್ಮ ಕಾಲ ಮುಗಿಸಿ ಸಾಯುತ್ತವೆ. ಮಲದಲ್ಲಿ ಆ ಮೊಟ್ಟೆ ಸುಲಭವಾಗಿ ಕಾಣುತ್ತದೆ. ಇದು ಹಾಗಲ್ಲ. ಹಸಿ ಮಣ್ಣಿನಲ್ಲಿ ಬರಿಗಾಲಿನ ಚರ್ಮವನ್ನು ತೂರಿ ಒಳಗೆ ಬರುತ್ತದೆ, ರಕ್ತದಲ್ಲಿ ಹರಿದು ಎದೆಗೆ ಹೋಗಿ ಕೆಮ್ಮು ತರುತ್ತದೆ, ಗಂಟಲಿಗೆ ಬಂದು ನುಂಗಿಸಿಕೊಂಡು ಕರುಳು ಸೇರುತ್ತದೆ. ಅದರ ಮೊಟ್ಟೆ ಒಳಗೇ ಒಡೆದು ಮರಿಯಾಗುತ್ತದೆ. ಕೆಲವು ಮರಿಗಳು ಹೊರಗೆ ಹೋಗುವುದೇ ಇಲ್ಲ, ಮತ್ತೆ ಅದೇ ಮೈಯನ್ನು ಹೊಗುತ್ತವೆ. ಹೀಗೆ ಇಪ್ಪತ್ತು ಮೂವತ್ತು ವರ್ಷ, ಯಾರಿಗೂ ತಿಳಿಯದಂತೆ, ಒಬ್ಬರ ಮೈಯಲ್ಲೇ ಸಂಸಾರ ಹೂಡಿರಬಲ್ಲದು. ಮರಿಗಳು ದಿನವೂ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಒಂದು ದಿನ ನೋಡಿ ಇಲ್ಲ ಎನ್ನುವ ಹಾಗಿಲ್ಲ. ಹಳೆಯ ಮಲದಲ್ಲಂತೂ ಸತ್ತು ಕಸದ ಎಳೆಯಾಗಿ ಬಿದ್ದಿರುತ್ತವೆ.

ಹೊಸ ಮಲ ಬಂತು. ಗಾಜಿನ ಮೇಲೆ ಸವರಿ ನೋಡಿದೆ. ಏನೂ ಇಲ್ಲ. ಮತ್ತೊಂದು ಗಾಜು, ಏನೂ ಇಲ್ಲ. ಹತ್ತು ಗಾಜು ನೋಡಿದ ಮೇಲೆ ಹಳೆಯ ಪುಸ್ತಕವನ್ನು ಅಟ್ಟದಿಂದ ಇಳಿಸಿದೆ. ಜೀವಂತ ಮರಿಗಳು ಬೆಚ್ಚಗಿನ ನೀರಿಗೆ ಇಳಿದು ಬರುತ್ತವೆ, ಇಳಿದು ತಳಕ್ಕೆ ಮುಳುಗುತ್ತವೆ ಎಂದಿತ್ತು ಅದರಲ್ಲಿ. ಬೇಕಾದ ಸಾಮಾನು ನನ್ನಲ್ಲಿರಲಿಲ್ಲ. ಮನೆಗೆ ಓಡಿ ಎಣ್ಣೆ ಹಾಕುವ ಆಲಿಕೆ, ಚಹಾ ಸೋಸುವ ಜರಡಿ, ಮಗಳ ಹಳೆಯ ದುಪಟ್ಟಾದ ತುಂಡು ತಂದೆ. ಹೆಂಡತಿ, “ಜರಡಿ ಯಾಕ್ರಿ?” ಎಂದು ಕೇಳಿದಳು. ಹೇಳಲಿಲ್ಲ. ಆ ಜರಡಿ ಮತ್ತೆ ಮನೆಗೆ ಬರಲಿಲ್ಲ ಎಂದಷ್ಟೇ ನಿಮಗೆ ಹೇಳಬಲ್ಲೆ. ಆಲಿಕೆಯ ಮೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ತುದಿಯನ್ನು ಚಿಮುಟದಿಂದ ಬಿಗಿದು, ಬೆಚ್ಚಗಿನ ನೀರು ತುಂಬಿ, ಜರಡಿಯಲ್ಲಿ ಬಟ್ಟೆ ಹಾಸಿ ಮಲವನ್ನಿಟ್ಟು, ನೀರಿಗೆ ತಾಗುವಂತೆ ಕೂರಿಸಿದೆ. ಎರಡು ಗಂಟೆ ಕಾದೆ. ಬೆಂಚಿನ ಮೇಲೆ ಮೌಲಾಸಾಬ ಕೂತಿದ್ದ.

ಚಿಮುಟ ಸಡಿಲಿಸಿ ತಳದ ನಾಲ್ಕು ಹನಿ ಹಿಡಿದೆ. ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದೆ.

ಇತ್ತು. ಒಂದಲ್ಲ. ಗಾಜಿನಂಥ ಮೈ, ಒಳಗೆ ಮಸುಕಾದ ಕಾಳು ಕಾಳು. ಒಂದು ಬಳುಕಿ, ತಿರುಗಿ, ಮತ್ತೆ ಬಳುಕಿ ನನ್ನ ಕಣ್ಣಿನ ವೃತ್ತದಿಂದ ಆಚೆ ಓಡಿಹೋಯಿತು. ಹೌದು, ಓಡಿತು. ಚಾಂದಬಿ ಹೇಳಿದ್ದ ಅದೇ ಶಬ್ದ. ನಾನು ಗಾಜನ್ನು ಸರಿಸುತ್ತ ಅದರ ಹಿಂದೆ ಹೋದೆ. ಇನ್ನೊಂದು ಅಡ್ಡ ಬಂತು. ನನ್ನ ಬೆನ್ನು ತಣ್ಣಗಾಯಿತು, ಅದೇ ಗಳಿಗೆಯಲ್ಲಿ ಕುಣಿಯುವಷ್ಟು ಸಂತೋಷವೂ ಆಯಿತು. ಇವೆರಡೂ ಒಟ್ಟಿಗೆ ಹೇಗೆ ಆಗುತ್ತವೆ ಎಂದು ಕೇಳಬೇಡಿ.

ಮೌಲಾಸಾಬನನ್ನು ಕರೆದು ತೋರಿಸಿದೆ. ದರ್ಜಿಯ ಕಣ್ಣು, ಕೂಡಲೇ ಹಿಡಿಯಿತು. ಬಹಳ ಹೊತ್ತು ನೋಡಿ, “ಯಾ ಅಲ್ಲಾ,” ಎಂದ. “ಆಕಿ ಖರೇನ ಹೇಳಿದ್ಳು ನೋಡ್ರಿ.”

ಡಾಕ್ಟರಮ್ಮ ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರ ಹಿರಿಯರಿಗೆ ಫೋನು ಹಚ್ಚಿದರು, ಚಾಂದಬಿಯನ್ನು ಅಂದೇ ಅಲ್ಲಿಗೆ ಸೇರಿಸಿದರು. ಬಿಳಿ ಗುಳಿಗೆಯನ್ನು ಒಮ್ಮೆಗೇ ಬಿಡಿಸುವಂತಿರಲಿಲ್ಲ, ಹಂತ ಹಂತವಾಗಿ ಇಳಿಸಿದರು. ಹುಳುವಿನ ಔಷಧಿಯನ್ನು ಆಕೆಯ ತೂಕ ನೋಡಿ ದಿನವೂ ಕೊಟ್ಟರು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ, ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತುಗುಳಿಗೆ ಇದಕ್ಕೆ ಸಾಲದು. ಇದಕ್ಕೆ ಬೇರೆಯದೇ ಔಷಧಿ ಇದೆ. ಅಗ್ಗದ್ದು, ಹೆಸರು ಐವರ್ಮೆಕ್ಟಿನ್. ಮಲದಲ್ಲಿ ಮರಿ ಕಾಣದಂತಾದ ಮೇಲೂ ಎರಡು ವಾರ ನಿಲ್ಲಿಸಲಿಲ್ಲ. ಮೊದಲ ವಾರ ಏನಾಗುತ್ತದೋ ಎಂಬಂತಿತ್ತು. ಜ್ವರ ಏರಿ ಎರಡು ದಿನ ಮಾತಿರಲಿಲ್ಲ. ಆ ಎರಡು ದಿನ ನಾನು ಲ್ಯಾಬಿನಲ್ಲಿ ಏನು ಬರೆದೆನೋ ನನಗೆ ನೆನಪಿಲ್ಲ. ಪ್ರತಿಯೊಂದನ್ನೂ ಎರಡು ಸಲ ನೋಡಿ ಬರೆದೆ ಎಂಬುದು ಮಾತ್ರ ನೆನಪಿದೆ. ಮೂರನೆಯ ದಿನ ಮೌಲಾಸಾಬ ಫೋನು ಮಾಡಿ, “ನರ್ಸಮ್ಮಗ ಬೈಯಾಕತ್ತಾಳ್ರಿ, ಚಾ ಆರಿ ಹೋಗ್ಯದಂತ,” ಎಂದ. ಅವನ ದನಿಯಲ್ಲಿ ನಗು ಇತ್ತು, ಅಳುವೂ ಇತ್ತು.

ಆಕೆ ಊರಿಗೆ ಬಂದು ತಿಂಗಳಾದ ಮೇಲೆ ನಾನು ಮಟಕಿಗೆ ಹೋದೆ. ಹೋಗದಿದ್ದರೂ ನಡೆಯುತ್ತಿತ್ತು. ಡಾಕ್ಟರಮ್ಮ ಯಾರಿಗೂ ಹೇಳಿರಲಿಲ್ಲ, ಮೌಲಾಸಾಬನಿಗೆ ಸಹಿ ಯಾರದೆಂದು ಓದಲು ಬಂದಿದ್ದರೂ ಬಾಯಿಬಿಟ್ಟಿರಲಿಲ್ಲ. ಈ ಮಾತು ಹೊರಬಿದ್ದರೆ ನನ್ನ ಲ್ಯಾಬಿಗೆ ಯಾರು ಬರುತ್ತಾರೆ ಎಂದು ಹದಿನೈದು ದಿನ ಯೋಚಿಸಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಮಧ್ಯಾಹ್ನದ ಹೊತ್ತು. ಮೌಲಾಸಾಬ ಮಷಿನ್ ತುಳಿಯುತ್ತಿದ್ದ. ಚಾಂದಬಿ ಹೊಸ್ತಿಲ ಬಳಿ ಕೂತು ಮೆಂತ್ಯೆ ಸೋಸುತ್ತಿದ್ದಳು.

“ಆ ಕಾಗದ ತಪ್ಪಿತ್ತು ಚಾಂದಬಿ,” ಎಂದೆ. “ತಪ್ಪು ನಂದು. ನಾನು ನೋಡಲೇ ಇಲ್ಲ. ನೋಡಿದಂಗ ಮಾಡಿ ಬರದುಕೊಟ್ಟೆ.”

ಮಷಿನ್ ನಿಂತಿತು. ಚಾಂದಬಿ ಸೊಪ್ಪಿನ ಬೇರು ಚಿವುಟುತ್ತಲೇ ಇದ್ದಳು.

“ಕಾಗದ ತಪ್ಪಾತು. ಆಗ್ತದ್ರಿ,” ಎಂದಳು. “ನಾನೂ ಒಮ್ಮೆ ಕೊತ್ತಂಬ್ರಿ ಮಡ್ಯಾಗ ಸಬ್ಬಸಗಿ ಬೀಜ ಚೆಲ್ಲೇನಿ. ಅವಸರದಾಗ ಆಗ್ತದ. ಆದ್ರ ನೀವು ನಕ್ಕಿದ್ರೆಲ್ಲ, ಅದು ಯಾಕ?”

ನಾನು ಹೊಸ್ತಿಲ ಈಚೆ ನೆಲದ ಮೇಲೆ ಕೂತೆ.

“ನಿಮಗ ಗೊತ್ತದೇನು, ಆವತ್ತಿನಿಂದ ಈ ಊರಾಗ ನನ್ನ ಹೆಸರೇನು? ರೇಲ್ ಚಾಂದಬಿ. ಹೊಲಕ್ಕ ಹೊಂಟ್ರ ಚಾದಂಗಡ್ಯಾಗ ಕೂತವ್ರು ರೇಲ್ ಬಂತು ಅಂತಾರ. ನಾ ಅದಕ್ಕ ಅಂಜೂ ಪೈಕಿ ಅಲ್ಲ. ಆದ್ರ ಆ ಗೆರಿ ಮಾತು ಮತ್ತ ಯಾರ ಮುಂದೂ ತೆಗಿಲಿಲ್ಲ. ನಾಕು ಮಂದಿ ಡಾಕ್ಟರು ಕೇಳಿದ್ರು, ಮತ್ತೇನು ತಕಲೀಫ್ ಅದ ಅಂತ. ಏನಿಲ್ಲ ಅಂದೆ. ನಮ್ಮ ಮನಿಯವರ ಮುಂದೂ ಗೆರಿ ಹೋಗ್ಯದ ಅಂತ ಸುಳ್ಳು ಹೇಳಿದೆ. ದಿನಾ ಓಡ್ತಿತ್ತು, ಸೆರಗಿಲೆ ಮುಚ್ಚಿಕೊಂಡು ಕೂಡ್ತಿದ್ದೆ.”

ನಾನು ಅಲ್ಲಿಯವರೆಗೆ ನನ್ನ ತಪ್ಪನ್ನು ಆ ಕಾಗದದಲ್ಲಿ ಹುಡುಕುತ್ತಿದ್ದೆ. ಸಹಿಯಲ್ಲಿ, ಅರೆ ನಿಮಿಷದಲ್ಲಿ, ಉಪ್ಪಿನಕಾಯಿ ಬಾಟಲಿಯಲ್ಲಿ ಹುಡುಕುತ್ತಿದ್ದೆ. ಅದಕ್ಕೆ ಪ್ರಾಯಶ್ಚಿತ್ತದ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡೂ ಬಂದಿದ್ದೆ. ಕಾಗದ ತಪ್ಪಾಗಿದ್ದರೂ, ಆಕೆಯ ಬಾಯಿ ಒಂದಿದ್ದರೆ ಎಂದೋ ಯಾರೋ ಒಬ್ಬರು ಹಿಡಿಯುತ್ತಿದ್ದರು. ಆ ಬಾಯನ್ನು ಮುಚ್ಚಿದವನು ನಾನು. ಮುಚ್ಚಿದ್ದಕ್ಕೆ ಜೇವರ್ಗಿಯಲ್ಲಿ ಒಂದು ಹೋಳಿಗೆಯನ್ನೂ ಹೆಚ್ಚಿಗೆ ತಿಂದಿದ್ದೆ.

“ಈಗ ಏನ್ ಮಾಡ್ಲಿ ಹೇಳ್ರಿ,” ಎಂದೆ.

“ಇಲ್ಲಿ ಬಂದು ಹೇಳಿದ್ರ ಏನ್ ಬಂತು? ನಮ್ಮ ಮನ್ಯಾಗ ಯಾರೂ ನಕ್ಕಿಲ್ಲ,” ಎಂದು ಆಕೆ ಸೊಪ್ಪನ್ನು ಒಟ್ಟುಮಾಡಿದಳು. “ನಕ್ಕಲ್ಲಿ ಹೋಗಿ ಹೇಳ್ರಿ.”

ಮಟಕಿಯ ಚಾದಂಗಡಿ ಬೇವಿನಕಟ್ಟೆಗೆ ಎದುರು. ಹತ್ತು ಹನ್ನೆರಡು ಜನ ಇದ್ದರು, ನಡುವೆ ಶರಣಪ್ಪ. ಭಾಷಣ ಮಾಡಿ ನನಗೆ ಅಭ್ಯಾಸವಿಲ್ಲ. ಒಂದು ಚಹಾ ಹೇಳಿ, ಅದು ಬರುವ ಮೊದಲೇ ಎದ್ದು ನಿಂತು ಹೇಳಿಬಿಟ್ಟೆ: ಚಾಂದಬಿಯ ಸೊಂಟದ ಮೇಲೆ ಗೆರೆ ಓಡುತ್ತಿದ್ದದ್ದು ನಿಜ, ಅದು ಹುಳುವಿನ ಮರಿ, ನಾನು ಕಣ್ಣಾರೆ ಕಂಡಿದ್ದೇನೆ, ಆಕೆ ಸರಿಯಾಗಿ ಹೇಳಿದ್ದಳು, ನಾನು ಹುಳು ಇಲ್ಲವೆಂದು ತಪ್ಪಾಗಿ ಬರೆದೆ, ಮೇಲೆ ನಕ್ಕೆ, ಅದರಿಂದ ಆಕೆ ಸಾಯುವ ತನಕ ಹೋಗಿ ಬಂದಳು.

ಮೊದಲು ಎಲ್ಲರೂ ನಕ್ಕರು. ಒಬ್ಬ, “ಹಂಗಾರ ನೀವ ಟೇಷನ್ ಮಾಸ್ತರ್ ಆದ್ರೇನ್ರಿ?” ಎಂದ. ಮತ್ತೆ ನಕ್ಕರು. ನಾನು ಕೂರಲಿಲ್ಲ. ಕೂತರೆ ಆ ನಗೆಯಲ್ಲಿ ನಾನೂ ಸೇರಿದಂತಾಗುತ್ತದೆ ಎಂದು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಕಡಿಮೆಯಾಯಿತು. ಒಬ್ಬ ಮುದುಕರು, “ಅದು ಹೆಂಗ ಬರ್ತದ್ರಿ ಮೈಯಾಗ?” ಎಂದು ಕೇಳಿದರು. ಹೇಳಿದೆ. ಹಳ್ಳದ ದಂಡೆಗೆ ಊರಿಗೆ ಊರೇ ಬಹಿರ್ದೆಸೆಗೆ ಹೋಗುತ್ತದೆ, ಆ ಹಸಿ ಮಣ್ಣಿನಲ್ಲಿ ಚಾಂದಬಿ ದಿನವಿಡೀ ಬರಿಗಾಲಲ್ಲಿ ನಿಲ್ಲುತ್ತಾಳೆ. ಹುಳು ಆಕೆಯದಲ್ಲ, ಊರಿನದು ಎಂದೆ. ಆಮೇಲೆ ಯಾರೂ ನಗಲಿಲ್ಲ.

ಬಸ್ಸಿಗೆಂದು ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಬಂದರು. ಶರಣಪ್ಪ. ಸಾಲು ಬೇವಿನ ಮರಗಳು ಮುಗಿಯುವ ತನಕ ಜೋಳದ ಧಾರಣೆ, ಹವಾ, ಬಸ್ಸಿನ ವೇಳೆ ಎಲ್ಲ ಮಾತಾಡಿದರು. ಆಮೇಲೆ ನಿಂತು, ಧೋತರದ ಮೇಲೆ ತೊಡೆಯನ್ನು ಮುಟ್ಟಿ, “ನನಗೂ ಏಳ್ತದ್ರಿ ಗೆರಿ,” ಎಂದರು. “ಮೂರು ವರ್ಷಾತು.”

“ಆವತ್ತು ಬೆಂಚಿನ ಮ್ಯಾಲ ಕೂತಾಗ?”

“ಆವತ್ತೂ ಇತ್ತು.” ಅವರು ನನ್ನ ಮುಖ ನೋಡಲಿಲ್ಲ. “ಅದನ್ನ ತೋರಸಾಕ ಬಂದಿದ್ದೆ ನಾ.”

ಅವರು ನಕ್ಕದ್ದು ಯಾಕೆಂದು ಈಗ ತಿಳಿಯಿತು. ಆ ನಗೆಯಲ್ಲಿ ಅವರೂ ಅಡಗಿಕೊಂಡಿದ್ದರು. “ನಾಳೆ ಬರ್ರಿ,” ಎಂದೆ. “ಹೊಸದು ತಗೊಂಡು ಬರ್ರಿ. ಮೂರು ದಿನ ತರಬೇಕು.” ತಂದರು. ಎರಡನೆಯ ದಿನದ್ದರಲ್ಲಿ ಸಿಕ್ಕಿತು. ಎರಡು ದಿನದ ಗುಳಿಗೆಗೆ ಅವರ ಮೂರು ವರ್ಷದ ಗೆರೆ ಅಳಿಸಿತು.

ಚಾಂದಬಿಯ ಹೆಸರಿನಿಂದ ರೇಲು ಪೂರ್ತಿ ಇಳಿಯಲಿಲ್ಲ. ಊರು ಅಷ್ಟು ಬೇಗ ಬಿಡುವುದಿಲ್ಲ. ನನಗೂ ಆ ಕಡೆ ಟೇಷನ್ ಮಾಸ್ತರ್ ಎಂಬ ಬಿರುದು ಉಳಿಯಿತು. ಅದು ನನಗೆ ಸಲ್ಲುವಂಥದ್ದೇ. ಆಕೆ ಈಗ ಮೊಣಕಾಲ ತನಕ ರಬ್ಬರ್ ಬೂಟು ಹಾಕಿಕೊಂಡು ಮಡಿಗಳಲ್ಲಿ ಓಡಾಡುತ್ತಾಳೆ. ಮೊದಲು ಅದಕ್ಕೂ ನಕ್ಕರಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಂಡೆಯ ತೋಟದವರಲ್ಲಿ ಬಹಳಷ್ಟು ಜನ ಚಪ್ಪಲಿಯೋ ಬೂಟೋ ಹಾಕತೊಡಗಿದರು. ಡಾಕ್ಟರಮ್ಮ ಮದುವೆ ಗೊತ್ತಾಗಿ, ದವಾಖಾನೆ ಮುಚ್ಚಿ ತಮ್ಮ ಸೀಮೆಗೆ ಹೋದರು. ಹೋಗುವಾಗ “ಮೈ ಕಡಿಯೋರಿಗೆಲ್ಲ ನನ್ನ ನೆನಪು ಹೇಳಿ” ಎಂದು ನಕ್ಕರು.

ನಾನೀಗ ಯಾರಿಗೂ “ಹುಳು ಇಲ್ಲ” ಎಂದು ಬರೆಯುವುದಿಲ್ಲ. ಇಂಥ ದಿನದ, ಇಷ್ಟು ಮಾದರಿ ನೋಡಿದೆ, ಅದರಲ್ಲಿ ಕಾಣಲಿಲ್ಲ ಎಂದು ಬರೆಯುತ್ತೇನೆ. ಉದ್ದವಾಗುತ್ತದೆ, ಜನ ಬೇಸರಪಡುತ್ತಾರೆ. ಆದರೆ ನಾನು ನಿಜಕ್ಕೂ ಬಲ್ಲದ್ದು ಅಷ್ಟೇ ತಾನೆ?

ಇವತ್ತು ಸಂಜೆ ಚಾಂದಬಿ ಬಂದಿದ್ದಳು. ಸೊಸೆಯ ರಕ್ತ ತೋರಿಸಬೇಕಿತ್ತು, ಮೂರನೆಯ ತಿಂಗಳು. ಬೆಂಚಿನ ಮೇಲೆ ಆಕೆಯ ಪಕ್ಕದಲ್ಲಿ ಕಡಗಂಚಿಯ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಮೂವತ್ತರ ವಯಸ್ಸು, ಬೆರಳಿಗೆ ಸೆರಗಿನ ತುದಿ ಸುತ್ತಿಕೊಳ್ಳುತ್ತ, ಬಿಚ್ಚುತ್ತ. ರಕ್ತ ಕೊಟ್ಟಾಗಿತ್ತು, ಚೀಟಿ ಕೊಟ್ಟಾಗಿತ್ತು, ಆದರೂ ಏಳುತ್ತಿಲ್ಲ. ಮತ್ತೇನಾದರೂ ಇದೆಯೇ ಎಂದು ಕೇಳಿದೆ.

“ಇಲ್ರಿ... ಒಂದದ. ಹೇಳಿದ್ರ ನೀವು ಏನಂತೀರೋ,” ಎಂದು ನಿಲ್ಲಿಸಿದಳು. ಬೆಂಚಿನ ಮೇಲಿದ್ದ ಉಳಿದವರು ಕಿವಿ ಚುರುಕು ಮಾಡಿದರು.

ಚಾಂದಬಿ ಆಕೆಯ ಕಡೆ ಸರಿದು ಕೂತಳು. ನಾಲ್ಕು ಅಂಗಡಿಗಳಾಚೆ ಕೇಳುವ ಬಾಯನ್ನು ಆದಷ್ಟು ತಗ್ಗಿಸಿ, “ಹೇಳವ್ವಾ, ಹೇಳು,” ಎಂದಳು. “ಈಗ ಅವ್ರು ನಗಂಗಿಲ್ಲ.”

ನಾನು ಪೆನ್ನನ್ನು ಮೇಜಿನ ಮೇಲಿಟ್ಟು, ಆ ಹೆಂಗಸು ಮತ್ತು ಚಾಂದಬಿ ಇಬ್ಬರನ್ನೂ ಒಳಗಿನ ಕೋಣೆಗೆ ಕರೆದು, ಕುರ್ಚಿ ಎಳೆದುಕೊಂಡು ಕೂತೆ.